ಶನಿವಾರದ ಸಭೆ, ಆಯಿಯ ಕಣ್ಣು

ಶನಿವಾರ ಸಂಜೆ ಐದು ಗಂಟೆಯಾದರೆ ನಮ್ಮ ಮನೆಯ ಪಡಸಾಲೆ ನಮ್ಮದಾಗಿ ಉಳಿಯುತ್ತಿರಲಿಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗಿ ಬರುವಷ್ಟು ದೂರದ ಒಂದು ಚಾಳಿನಲ್ಲಿ ನಾವಿದ್ದೆವು. ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು ಮೂರು ಖೋಲಿ: ಮುಂದೆ ಪಡಸಾಲೆ, ನಡುವೆ ಎಲ್ಲರೂ ಮಲಗುವ ಖೋಲಿ, ಹಿಂದೆ ಅಡುಗೆಮನೆ. ಅಡುಗೆಮನೆಯ ಒಂದು ಮೂಲೆಯಲ್ಲಿ ಬಚ್ಚಲು, ಇನ್ನೊಂದು ಮೂಲೆಯಲ್ಲಿ ಒಲೆ. ಅಪ್ಪನದು ಮೊದಲನೇ ಪಾಳಿ. ಮಧ್ಯಾಹ್ನ ಕಾರ್ಖಾನೆಯ ಭೋಂಗಾ ಕೂಗಿದ ಸ್ವಲ್ಪ ಹೊತ್ತಿಗೆ ಸೈಕಲ್ ಗೋಡೆಗೆ ಒರಗಿಸಿ ಒಳಗೆ ಬರುತ್ತಿದ್ದ. ಉಳಿದ ದಿನ ಉಂಡು ಅಡ್ಡಾಗಿಬಿಡುವ ಮನುಷ್ಯ ಶನಿವಾರ ಮಾತ್ರ ಎರಡನೇ ಸಲ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಜಮಖಾನೆ ಹಾಸಿ, ಉದ್ದನೆಯ ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಹೇಳುವವರೇ ಬಹಳ ಜನ. ಶನಿವಾರ ಅವನು ಊರಿನ ಸೇವಾ ಸಂಘದ ಕಾರ್ಯದರ್ಶಿ.

ಸಂಘ ದೊಡ್ಡದೇನಲ್ಲ. ಹದಿನೈದು ಜನ ಬಂದರೆ ಪಡಸಾಲೆ ತುಂಬಿ, ಚಪ್ಪಲಿಗಳು ಪಕ್ಕದ ಮನೆಯ ಕಟ್ಟೆಯವರೆಗೂ ಹರಡುತ್ತಿದ್ದವು. ಅಧ್ಯಕ್ಷರು ನದಾಫ ಮಾಸ್ತರರು, ನಿವೃತ್ತ ಹೆಡ್‌ಮಾಸ್ತರು. ತಮ್ಮ ಶಾಲೆಯ ಹಳೆಯ ಹಿತ್ತಾಳೆಯ ಕೈಗಂಟೆಯನ್ನು ಬಟ್ಟೆಯ ಚೀಲದಲ್ಲಿ ತರುತ್ತಿದ್ದರು. ಅದನ್ನು ಒಮ್ಮೆ ಅಲ್ಲಾಡಿಸಿದರೆ ಎಂಥ ಜಗಳವಾದರೂ ನಿಲ್ಲಬೇಕು. ಮೊದಲು ಒಂದು ನಿಮಿಷ ಮೌನ, ಆಮೇಲೆ ಹಿಂದಿನ ವಾರದ ನಡಾವಳಿ ಓದುವುದು, ಆಮೇಲೆ ಈ ವಾರದ ಕೆಲಸ. ಕೊನೆಗೆ 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯ'. ನಡಾವಳಿ ಓದುವ ಕೆಲಸ ನನ್ನದಾಗಿತ್ತು. ಅಪ್ಪನ ಅಕ್ಷರ ಒಮ್ಮೊಮ್ಮೆ ಅಪ್ಪನಿಗೇ ತಿಳಿಯುತ್ತಿರಲಿಲ್ಲ. ಐದನೇ ಇಯತ್ತೆಯಲ್ಲಿದ್ದ ನನ್ನನ್ನು ಮಾಸ್ತರರು ಒಂದು ದಿನ ಕರೆದು ಓದಿಸಿ, ಸರಾಗವಾಗಿ ಓದಿದೆನೆಂದು ಅದನ್ನೇ ಖಾಯಂ ಮಾಡಿದರು. ಹಾಗಾಗಿ ಬಸ್‌ಸ್ಟ್ಯಾಂಡಿನಲ್ಲಿ ಕುಡಿಯುವ ನೀರಿನ ಮಡಕೆ ಇಟ್ಟದ್ದು, ಕುಳಗಿ ರಸ್ತೆಯಲ್ಲಿ ನೆಟ್ಟ ಸಸಿಗಳನ್ನು ದನ ತಿಂದು ಹಾಕಿದ್ದು, ಮತ್ತೆ ನೆಟ್ಟದ್ದು, ಮತ್ತೆ ತಿಂದದ್ದು, ಯಾರ ರಕ್ತ ಯಾವ ಗುಂಪಿನದು ಎಂಬ ಪಟ್ಟಿಯನ್ನು ನಮ್ಮ ಬಾಗಿಲ ಹಿಂದೆ ಅಂಟಿಸಿದ್ದು, ಇವೆಲ್ಲ ನನ್ನ ಬಾಯಿಂದಲೇ ಸಭೆಗೆ ಕೇಳಿಸುತ್ತಿತ್ತು. ಓದಿ ಮುಗಿಸಿದ ಮೇಲೆ ಜಮಖಾನೆಯ ತುದಿಯಲ್ಲಿ ಕೂತು, ಅವ್ವ ಮಾಡಿದ ಒಗ್ಗರಣೆ ಚುರುಮುರಿ ತಿನ್ನುತ್ತ ದೊಡ್ಡವರ ಜಗಳ ಕೇಳುವುದು ನನ್ನ ವಾರದ ಸುಖ.

ಈ ಸಭೆಯನ್ನು ಕಂಡರಾಗದವಳು ನಮ್ಮ ಮನೆಯಲ್ಲಿ ಒಬ್ಬಳೇ. ಆಯಿ, ಅಪ್ಪನ ತಾಯಿ. ಹಳಿಯಾಳದ ಕಡೆಯ ಸಾಂಬ್ರಾಣಿಯಲ್ಲಿ ಹೊಲ, ದನ, ಆಳು ಎಲ್ಲವನ್ನೂ ನೋಡಿಕೊಂಡಿದ್ದವಳು ಅಜ್ಜ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದಳು. ಬಂದ ದಿನವೇ ಒಲೆಯ ಮುಂದಿನ ಮಣೆ ಹಿಡಿದು ಕೂತಳು. ರೊಟ್ಟಿ ಬಡಿಯುವುದು ಆಯಿ, ಪಲ್ಯ ಸಾರು ಅವ್ವ. ಇಬ್ಬರ ನಡುವೆ ಮಾತು ಕಡಿಮೆ. ಆಡಿದ ಮಾತೂ ಬಹುಪಾಲು ಚುಚ್ಚುವಂಥದೇ. ಶನಿವಾರ ಜನ ಬರತೊಡಗಿದರೆ ಆಯಿ ನಡುಮನೆಯ ಪರದೆ ಎಳೆದುಕೊಂಡು ಅದೇ ಹೊತ್ತಿಗೆ ಲಿಂಗಪೂಜೆಗೆ ಕೂರುತ್ತಿದ್ದಳು.

"ಯಾರ್ಯಾರೋ ಬರ್ತಾರ, ಯಾರ್ಯಾರೋ ಹೋಗ್ತಾರ. ಮನಿ ಅಂಬೂದು ಛತ್ರ ಆಗೇತಿ," ಎಂದು ಪರದೆಯ ಆಚೆಗೂ ಕೇಳಿಸುವ ಹಾಗೆ ಹೇಳುತ್ತಿದ್ದಳು.

ಆ ವರ್ಷದ ಬೇಸಿಗೆಯಲ್ಲಿ ನನಗೆ ಒಂದೊಂದೇ ಗೊತ್ತಾಗತೊಡಗಿತು. ಆಯಿ ನೀಲಿ ಸೀರೆ ಹಿಡಿದು "ಇದು ಹಸರಂದ ಹೌದಲ್ಲ?" ಎಂದು ಕೇಳುತ್ತಿದ್ದಳು. ರೊಟ್ಟಿ ಬೆಂದದ್ದನ್ನು ನೋಡಿ ಅಲ್ಲ, ವಾಸನೆಯಿಂದ ತಿಳಿಯುತ್ತಿದ್ದಳು. ಒಂದು ಸಂಜೆ ಅವಳು ಪೂಜೆಗೆ ಕೂತಾಗ ನಾನು ಹತ್ತಿರದಲ್ಲೇ ಇದ್ದೆ. ಎಡ ಅಂಗೈಯಲ್ಲಿ ಲಿಂಗ. ಬಲಗೈಯಿಂದ ಇಟ್ಟ ಬಿಲ್ವಪತ್ರೆ ಅಂಗೈ ತಪ್ಪಿ ನೆಲಕ್ಕೆ ಬಿತ್ತು. ಇನ್ನೊಂದು ಇಟ್ಟಳು, ಅದೂ ಬಿತ್ತು. ನಾನು ಎತ್ತಿ ಕೊಟ್ಟೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಯಾರ ಮುಂದೂ ಹೇಳಬ್ಯಾಡ."

"ಏನ ಹೇಳಬಾರದು ಆಯಿ?"

"ಕಣ್ಣಿಗೆ ಮಂಜು ಮುಸುಕಿಧಂಗ ಆಗೇತಿ. ಅಂಗೈಯಾಗಿನ ಲಿಂಗ ಕಾಣಲಾರದ ವರ್ಷ ಆತು. ಕೈಲೆ ಮುಟ್ಟಿ ನೋಡ್ತೇನಿ."

"ಅಪ್ಪಗ ಹೇಳೂಣು. ಸಂಘದಾಗ ಕಣ್ಣಿನ ಶಿಬಿರ ಮಾಡ್ತಾರಲ್ಲ."

"ಹೇಳಿದ್ರ ನಾಳೆನ ನನ್ನ ಒಲಿ ಮುಂದಿಂದ ಎಬ್ಬಸ್ತಾರ. ನಮ್ಮಕ್ಕಗ ಹಂಗ ಆತು. ಕಣ್ಣು ಹೋತು ಅಂತ ಗೊತ್ತಾದ ದಿನಾನ ಒಂದು ಮೂಲ್ಯಾಗ ಕುಂಡ್ರಿಸಿದ್ರು. ಸಾಯೂತನಕ ಆಕಿ ಅಲ್ಲೇ ಕುಂತಳು. ಹೇಳಂಗಿಲ್ಲ ಅಂತ ಆಣಿ ಮಾಡು."

ನಾನು ಆಣೆ ಮಾಡಿದೆ. ದೊಡ್ಡವರ ಗುಟ್ಟು ಕೈಗೆ ಬಂದ ಹೆಮ್ಮೆಯೂ ಇತ್ತು. ಅಂದಿನಿಂದ ಸೂಜಿಗೆ ದಾರ ಪೋಣಿಸುವುದು, ಜೋಳದಲ್ಲಿನ ಕಲ್ಲು ಆರಿಸುವುದು, ಸೀರೆಯ ಬಣ್ಣ ಕಿವಿಯಲ್ಲಿ ಹೇಳುವುದು ನನ್ನ ಪಾಲಿಗೆ ಬಂತು. ಶಾಲೆಯಿಂದ ಬಂದವಳೇ ಆಯಿಯ ಪಕ್ಕ ಕೂರುತ್ತಿದ್ದೆ. ಮೊಮ್ಮಗಳಿಗೆ ಅಜ್ಜಿಯ ಮೇಲೆ ಎಷ್ಟು ಜೀವ ಎಂದು ಚಾಳಿನವರು ಹೊಗಳುತ್ತಿದ್ದರು.

ನನಗೊಬ್ಬ ತಮ್ಮ, ಬಸು. ಆಗ ಅವನಿಗೆ ಎರಡು ವರ್ಷ. ಒಂದು ಭಾನುವಾರ ಬೆಳಿಗ್ಗೆ ಆಯಿ ಎಂದಿನಂತೆ ಕಾದ ನೀರಿನ ಪಾತ್ರೆಯನ್ನು ಒಲೆಯಿಂದ ಇಳಿಸಿ ಬಚ್ಚಲ ಕಡೆ ನಡೆದಳು. ಎಷ್ಟು ಹೆಜ್ಜೆ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಬಸು ಬಚ್ಚಲ ಅಂಚಿನಲ್ಲಿ ತಂಬಿಗೆ ಹಿಡಿದು ಕೂತಿದ್ದು ಗೊತ್ತಿರಲಿಲ್ಲ. ಪಾತ್ರೆ ಅವನ ಮೇಲೆಯೇ ಇಳಿಯುತ್ತಿತ್ತು. ನಾನು ಓಡಿ ಅವನ ರಟ್ಟೆ ಹಿಡಿದು ಎಳೆದೆ. ಪಾತ್ರೆ ವಾಲಿ ನೀರು ಅವನ ಪಾದದ ಮೇಲೆ, ನನ್ನ ಮುಂಗೈ ಮೇಲೆ ಚೆಲ್ಲಿತು. ಅವನ ಚೀರಾಟಕ್ಕೆ ಅಪ್ಪ ಓಡಿ ಬಂದ.

"ನಾ ಚೆಲ್ಲಿದೆ ಅಪ್ಪಾ. ಓಡಿ ಬಂದು ಹಾಯ್ದೆ," ಎಂದೆ.

ಅಪ್ಪ ಎಂದೂ ಬೈಯದಷ್ಟು ಬೈದ. ಅವ್ವ ಬಸುವಿನ ಕಾಲಿಗೆ ತಣ್ಣೀರು ಹೊಯ್ಯುತ್ತ ನನ್ನನ್ನೇ ಒಂದು ಗಳಿಗೆ ನೋಡಿದಳು. ಆಯಿ ಗೋಡೆಗೆ ಒರಗಿ ಕೂತುಬಿಟ್ಟಳು. ಆ ದಿನ ನಮ್ಮ ಮನೆಯಲ್ಲಿ ರೊಟ್ಟಿ ಆಗಲಿಲ್ಲ. ಬಸುವಿನ ಪಾದದಲ್ಲಿ ಎರಡು ಬೊಬ್ಬೆ ಎದ್ದಿದ್ದವು. ವಾರವೆಲ್ಲ ಆಯಿ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೊಬ್ಬೆಯ ಸುತ್ತ ಬೆರಳಾಡಿಸುತ್ತ "ನೋಯ್ತದೇನೋ ಅಪ್ಪಾ?" ಎಂದು ಕೇಳಿದ್ದೇ ಕೇಳಿದ್ದು. ಅವನು ಇಲ್ಲವೆಂದರೂ ಬಿಡುತ್ತಿರಲಿಲ್ಲ. ಮರುದಿನದಿಂದ ಮತ್ತೆ ಒಲೆಯ ಮುಂದೆ ಕೂತಳಾದರೂ ಅವಳು ಬೆಂಕಿಯ ಹತ್ತಿರ ಕೈ ಚಾಚಿದಾಗಲೆಲ್ಲ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಅವಳ ಪಕ್ಕಕ್ಕೆ ಓಡುತ್ತಿದ್ದೆ.

ಆ ಶನಿವಾರದ ಸಭೆ ಕಣ್ಣಿನ ಶಿಬಿರದ್ದೇ. ಶಿಬಿರಕ್ಕೆ ಎರಡು ವಾರ ಉಳಿದಿತ್ತು. ಊರಿನ ಹೈಸ್ಕೂಲಿನಲ್ಲಿ ತಪಾಸಣೆ, ಪೊರೆ ಬಂದವರನ್ನು ಬಸ್ಸಿನಲ್ಲಿ ಹುಬ್ಬಳ್ಳಿಗೆ ಕರೆದೊಯ್ದು ಆಪರೇಷನ್, ಎರಡು ದಿನದ ಮೇಲೆ ವಾಪಸು. ಪಾಸ್ಕಲ್ ಎಂಬ ಇಲೆಕ್ಟ್ರಿಶಿಯನ್ ಸಂಘದ ಸದಸ್ಯ, ಜೋಯಿಡಾ ಕಡೆಯವನು. ತನ್ನ ಹಳೆಯ ಜೀಪಿನಲ್ಲಿ ಅಲ್ಲಿಯ ಗುಡ್ಡದ ಹಳ್ಳಿಗಳನ್ನೆಲ್ಲ ಸುತ್ತಿ ಹೆಸರು ಬರೆದು ತಂದಿದ್ದ. ಅಪ್ಪ ಒಂದೊಂದೇ ಹೆಸರು, ಒಂದೊಂದೇ ಊರು ಓದಿದ. ಅವನ ದನಿಯಲ್ಲಿ ಸಂತೋಷವಿತ್ತು. ಯಾವ ಕಾಡಿನ ಯಾವ ಮನೆಯಲ್ಲಿ ಯಾರಿಗೆ ಕಣ್ಣು ಕಾಣುವುದಿಲ್ಲ ಎಂಬುದು ಅವನಿಗೆ ಬಾಯಿಪಾಠವಾಗಿತ್ತು. ಕೊನೆಗೆ ಮಾಸ್ತರರು ಇತರ ವಿಷಯ ಏನಾದರೂ ಇದೆಯೇ ಎಂದು ಕೇಳಿದರು. ನಾನು ಶಾಲೆಯಲ್ಲಿ ಎತ್ತುವ ಹಾಗೆ ಕೈ ಎತ್ತಿದೆ.

"ಹೇಳವಾ," ಎಂದರು ಮಾಸ್ತರರು.

"ನಮ್ಮ ಆಯಿಗೆ ಕಣ್ಣು ಕಾಣಂಗಿಲ್ರಿ ಸರ್. ಆಕಿ ಹೆಸರೂ ಬರ್ಕೋರಿ. ಅವತ್ತ ನೀರು ಚೆಲ್ಲಿದ್ದು ನಾ ಅಲ್ಲ."

ಅಪ್ಪ ಮೊದಲು ನಕ್ಕ. ಹುಡುಗಿ ಏನೋ ಅನ್ನುತ್ತಾಳೆ ಎನ್ನುವ ಹಾಗೆ ಎಲ್ಲರ ಮುಖ ನೋಡಿದ. ಆಮೇಲೆ ನನ್ನ ಮುಂಗೈಯ ಸುಟ್ಟ ಗುರುತು ನೋಡಿದ. ಪರದೆಯ ಆಚೆ ಆಯಿ ಪೂಜೆಗೆ ಕೂತಿದ್ದಳು.

"ಕಾರ್ಯದರ್ಶಿಗಳೇ, ಹೆಸರು ಬರ್ಕೋರಿ," ಎಂದರು ಮಾಸ್ತರರು, ಬಹಳ ಮೆತ್ತಗೆ.

ಅಪ್ಪ 'ನೀಲವ್ವ' ಎಂದು ಬರೆದ. ಊರು ದಾಂಡೇಲಿ ಎಂದು ಬರೆದ. ವಯಸ್ಸಿನ ಕಾಲಮಿಗೆ ಬಂದಾಗ ಪೆನ್ನು ನಿಂತಿತು. ಅವನಿಗೆ ಗೊತ್ತಿರಲಿಲ್ಲ. ಅಷ್ಟು ಜನರ ವಯಸ್ಸು ಬರೆದವನು ಆ ಒಂದು ಜಾಗ ಖಾಲಿ ಬಿಟ್ಟು ರಿಜಿಸ್ಟರ್ ಮುಚ್ಚಿದ.

ಜನ ಹೋದ ಮೇಲೆ ಅಪ್ಪ ಅಡುಗೆಮನೆಗೆ ಬಂದು ನಿಂತ. ಆಯಿ ತನ್ನ ಮಣೆಯ ಮೇಲೆ ಬಂದು ಕೂತಿದ್ದಳು. ತಾಯಿಯನ್ನು ಏನೂ ಕೇಳುವ ಧೈರ್ಯವಾಗದೆ ಅಪ್ಪ ಅವ್ವನ ಮೇಲೆ ಹರಿಹಾಯ್ದ.

"ದಿನಾ ಮನ್ಯಾಗ ಇರ್ತಿ. ನಿನಗ ಒಂದಿನಾನೂ ತಿಳೀಲಿಲ್ಲೇನು?"

"ತಿಳದಿತ್ತು," ಎಂದಳು ಅವ್ವ.

"ಮತ್ತ ಯಾಕ ಹೇಳಲಿಲ್ಲ?"

"ಅತ್ತಿಯವರಿಗೆ ಹೇಳೂದು ಬ್ಯಾಡಾಗಿತ್ತು, ಅದಕ್ಕ. ಉಪ್ಪಿನ ಡಬ್ಬಿ ಬಲಕ್ಕ, ಖಾರದ ಡಬ್ಬಿ ಎಡಕ್ಕ. ಎರಡು ವರ್ಷದಿಂದ ಈ ಅಡಗಿಮನ್ಯಾಗ ಒಂದು ಸಾಮಾನು ಸರಿಸಿಲ್ಲ ನಾನು. ನೀವು ಊರೂರ ಕಣ್ಣು ಹುಡುಕ್ಕೊಂತ ತಿರಗಾಡ್ತೀರಿ. ಇಲ್ಲಿ ಬಂದು ಒಂದು ಮಾತು ಕೇಳಿದ್ರೇನು?"

ಆಯಿಗೂ ಈ ಸಂಗತಿ ಹೊಸದು. ಸೊಸೆಗೆ ಗೊತ್ತಿದೆಯೆಂದು ಅವಳು ಎಣಿಸಿಯೇ ಇರಲಿಲ್ಲ. ಅವಳ ಬಲಗೈ ನಿಧಾನವಾಗಿ ಪಕ್ಕಕ್ಕೆ ಹೋಗಿ ಉಪ್ಪಿನ ಡಬ್ಬಿಯನ್ನು ಮುಟ್ಟಿ, ಅಲ್ಲೇ ಸ್ವಲ್ಪ ಹೊತ್ತು ಇದ್ದದ್ದನ್ನು ನಾನು ನೋಡಿದೆ.

ನನ್ನ ಜೊತೆ ಮಾತ್ರ ಅವಳು ಮಾತು ಬಿಟ್ಟಳು. ಊಟದ ಹೊತ್ತಿಗೆ "ಬಸ್ಯಾ, ನಿಮ್ಮಕ್ಕಗ ಇನ್ನೊಂದು ರೊಟ್ಟಿ ಬೇಕೇನು ಕೇಳು" ಎನ್ನುತ್ತಿದ್ದಳು. ಬಸು ನನ್ನ ಕಡೆ ತಿರುಗಿ "ಓಟ್ಟಿ?" ಎನ್ನುತ್ತಿದ್ದ. ಮೂರನೇ ದಿನ ನಾನು ಹಿತ್ತಲಿಗೆ ಹೋಗಿ ಅತ್ತೆ. ಅವ್ವ ಬಂದು ಪಕ್ಕದಲ್ಲಿ ಕೂತಳು.

"ಆಣಿ ಮುರದಿ, ಖರೆ. ಆದ್ರ ಛಲೋ ಮಾಡಿದಿ. ನಾ ಎರಡು ವರ್ಷ ಬಾಯಿ ಮುಚ್ಚಿಕೊಂಡು ಕುಂತೆ. ನನ್ನಿಂದ ಆಗಲಿಲ್ಲ," ಎಂದಳು.

ಮಂಗಳವಾರ ನದಾಫ ಮಾಸ್ತರರು ಒಬ್ಬರೇ ಬಂದರು. ಗಂಟೆಯ ಚೀಲ ಇರಲಿಲ್ಲ. ಪಡಸಾಲೆಯಲ್ಲಿ ಕೂರದೆ ಸೀದಾ ಒಳಗೆ ನಡೆದು ಅಡುಗೆಮನೆಯ ಹೊಸ್ತಿಲ ಈಚೆ ನೆಲದ ಮೇಲೆ ಕೂತರು. ಅಷ್ಟು ವರ್ಷ ಮನೆಗೆ ಬರುತ್ತಿದ್ದವರು ಆಯಿಯ ಜೊತೆ ಮಾತಾಡಿದ್ದು ಅದೇ ಮೊದಲು.

"ನನಗ ಉಪಕಾರ ಮಾಡಾಕ ಬಂದೀರೇನು?" ಎಂದಳು ಆಯಿ.

"ಇಲ್ರಿ ಅವ್ವಾರ. ಉಪಕಾರ ಕೇಳಾಕ ಬಂದೇನಿ. ಜೋಯಿಡಾ ಗುಡ್ಡದಿಂದ ಈ ಸಲ ಹೆಣ್ಣಮಕ್ಕಳು ಬರಾಕತ್ತ್ಯಾರ. ಬಸ್ಸನ್ಯಾಗ ನಾವೆಲ್ಲಾ ಗಂಡಸರು. ಅವರಿಗೆ ಅಂಜಿಕಿ. ನಿಮ್ಮಂಥಾ ಹಿರ್ಯಾರು ಒಬ್ಬರು ಜೋಡಿ ಇದ್ರ ಅವರಿಗೆ ಧೈರ್ಯ ಬರ್ತೈತಿ."

"ಕಣ್ಣು ಕಾಣಲಾರದಾಕಿ ನಾ ಏನು ಧೈರ್ಯ ಕೊಡ್ಲಿ?"

"ಕಣ್ಣು ಕಾಣಲಾರದವರ ಅಂಜಿಕಿ ಕಣ್ಣು ಕಾಣೂ ನಮಗೇನು ತಿಳೀತೈತ್ರಿ?"

ಆಯಿ ಬಹಳ ಹೊತ್ತು ಹಿಟ್ಟು ನಾದಿದಳು. ಆಮೇಲೆ ತನ್ನ ಷರತ್ತು ಹೇಳಿದಳು. ಬರುತ್ತೇನೆ, ಆದರೆ ಕಾರ್ಯದರ್ಶಿಯ ತಾಯಿ ಎಂದು ಮುಂದೆ ನಿಲ್ಲಿಸಬಾರದು, ಎಲ್ಲರ ಹಾಗೆ ಪಾಳಿಯಲ್ಲಿ ನಿಲ್ಲುತ್ತೇನೆ. ಬುತ್ತಿ ನನ್ನದೇ. ತಿರುಗಿ ಬಂದ ಮೇಲೆ, ಕಣ್ಣು ಬರಲಿ ಬಿಡಲಿ, ಒಲೆಯ ಮುಂದಿಂದ ನನ್ನನ್ನು ಎಬ್ಬಿಸಬಾರದು. ಕೊನೆಯದಕ್ಕೆ ಮಾಸ್ತರರು ಏನು ಹೇಳಿಯಾರು? ಅವ್ವನೇ ಹೇಳಿದಳು:

"ಒಲಿ ನಿಮ್ಮದ ಐತ್ರಿ ಅತ್ತಿ. ಬಸು ಕಡೆ ನಾ ನೋಡ್ಕೋತೇನಿ. ನೀವು ಹೋಗಿ ಬರ್ರಿ."

ಶಿಬಿರದ ದಿನ ಹೈಸ್ಕೂಲಿನ ವರಾಂಡದಲ್ಲಿ ಆಯಿ ಮಾತಿನಂತೆ ಪಾಳಿಯಲ್ಲೇ ನಿಂತಳು. ನಾನು ಹತ್ತಿರ ಹೋದರೆ ಕೈ ಹಿಡಿಯಲಿಲ್ಲ, ಅವ್ವನ ಕೈ ಹಿಡಿದಳು. ಅವಳ ಮುಂದೆ ನಿಂತಿದ್ದ ಮುದುಕಿಯ ಹೆಸರು ಭಾಗೀರಥಿ. ಜೋಯಿಡಾದ ಒಳಗಿನ ಹಳ್ಳಿಯವಳು, ಕೊಂಕಣಿ ಬಿಟ್ಟು ಬೇರೆ ಮಾತು ಬಾರದು. ಆಯಿಗೆ ಕನ್ನಡ ಬಿಟ್ಟು ಬೇರೆ ಬಾರದು. ಒಬ್ಬರಿಗೊಬ್ಬರು ಮಂಜಾಗಿ ಕಾಣುತ್ತಿದ್ದ ಇಬ್ಬರೂ ಪಾಳಿಯಲ್ಲಿ ಒಬ್ಬರ ಸೆರಗು ಒಬ್ಬರು ಹಿಡಿದು ನಿಂತಿದ್ದರು. ತಪಾಸಣೆಯಲ್ಲಿ ಭಾಗೀರಥಿಯ ಹೆಸರು ಆಪರೇಷನ್ ಪಟ್ಟಿಗೆ ಸೇರಿತು. ಆಯಿಯ ಎರಡೂ ಕಣ್ಣಿನಲ್ಲಿ ಪೊರೆ ಬಲಿತಿತ್ತು, ಆದರೆ ರಕ್ತದಲ್ಲಿ ಸಕ್ಕರೆ ಬಹಳ ಇತ್ತು. ಅದನ್ನು ಇಳಿಸದೆ ಆಪರೇಷನ್ ಆಗದು, ಮುಂದಿನ ಶಿಬಿರಕ್ಕೆ ಬನ್ನಿ ಎಂದರು ಡಾಕ್ಟರು.

ಅಪ್ಪನ ಮುಖ ಇಳಿದುಹೋಯಿತು. ಆಟೋ ಕರೆಯುತ್ತೇನೆ, ಮನೆಗೆ ಹೋಗೋಣ ಎಂದ.

"ನೀ ಹೋಗು," ಎಂದಳು ಆಯಿ. "ನಾ ಮಾಸ್ತರಗ ಮಾತು ಕೊಟ್ಟೇನಿ. ಇವರ ಜೋಡಿ ಹೋಗ್ತೇನಿ."

ಬುತ್ತಿಯ ಗಂಟು ಎತ್ತಿಕೊಂಡು, ಭಾಗೀರಥಿಯ ಸೆರಗು ಹಿಡಿದುಕೊಂಡೇ ಬಸ್ ಹತ್ತಿದಳು. ತನಗೆ ಆಪರೇಷನ್ ಇಲ್ಲ, ಮುಂದೆ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಆದರೂ ಆ ಬಸ್ಸಿನಲ್ಲಿ ಎಲ್ಲರಿಗಿಂತ ನೆಟ್ಟಗೆ ಕೂತವಳು ಅವಳೇ ಎಂದು ಪಾಸ್ಕಲ್ ಆಮೇಲೆ ಹೇಳಿದ. ಆಸ್ಪತ್ರೆಯಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆಯುವಾಗ ಬಾಗಿಲವರೆಗೂ ಕೈ ಹಿಡಿದುಕೊಂಡು ಹೋಗಿ ಬಿಟ್ಟು ಬಂದಳಂತೆ. ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ವಾಪಸು ಬರುವಾಗ ಭಾಗೀರಥಿ ಕಿಟಕಿಯ ಪಕ್ಕ ಕೂತು, ದಾರಿಯುದ್ದಕ್ಕೂ ಕಂಡದ್ದನ್ನೆಲ್ಲ ಆಯಿಗೆ ಕೊಂಕಣಿಯಲ್ಲಿ ಹೇಳಿದಳಂತೆ.

"ರೂಕ ಅಂದ್ಲು, ಅಂದ್ರ ಗಿಡ. ಗಾಯ್ ಅಂದ್ಲು, ಅಂದ್ರ ಆಕಳ. ಕೆಂಪ ಅಂಗಿಯಂವಾ ಸೈಕಲ್ ಮ್ಯಾಲ ಹೊಂಟಾನ ಅಂದ್ಲು. ದಾಂಡೇಲಿ ಬರೂತನಕ ಬಾಯಿ ಮುಚ್ಚಲಿಲ್ಲ," ಎಂದ ಪಾಸ್ಕಲ್. "ಅಮ್ಮಾರಿಗೆ ಒಂದು ಮಾತೂ ತಿಳಿದಿರಾಕಿಲ್ಲ. ಆದ್ರ ಹೂಂ ಅನ್ನೂದು ಬಿಡಲಿಲ್ಲ."

ಮನೆಗೆ ಬಂದ ಆಯಿ ಕಾಲು ತೊಳೆದು ತನ್ನ ಮಣೆಯ ಮೇಲೆ ಕೂತಳು. ಹಿಟ್ಟಿನ ಡಬ್ಬಿ ಎಳೆದುಕೊಳ್ಳುತ್ತ, ಬಸುವನ್ನು ನಡುವೆ ತರದೆ, ನನಗೇ ಹೇಳಿದಳು:

"ಜ್ವಾಳ ಹಸನ ಮಾಡೋದೈತಿ. ಕೇರೂ ಮರ ತಗೊಂಡು ಬಾ."

ಮುಂದಿನ ಶಿಬಿರಕ್ಕೆ ನಾಲ್ಕು ತಿಂಗಳು. ಆ ನಾಲ್ಕು ತಿಂಗಳು ನಮ್ಮ ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿಗಾಗಿ ಆದ ಜಗಳ ನೆನೆದರೆ ಈಗಲೂ ನಗು ಬರುತ್ತದೆ. ಬೇರೆ ಯಾವ ಸಾಮಾನನ್ನೂ ಸರಿಸದ ಅವ್ವ ಅದೊಂದನ್ನು ಮಾತ್ರ ದಿನಕ್ಕೊಂದು ಕಡೆ ಬಚ್ಚಿಡುತ್ತಿದ್ದಳು. ಆಯಿ ವಾಸನೆ ಹಿಡಿದು ಹುಡುಕುತ್ತಿದ್ದಳು. ಸಿಕ್ಕಿಬಿದ್ದರೆ ಇಬ್ಬರೂ ಬೈದಾಡಿಕೊಂಡು, ಆಮೇಲೆ ಕೂಡಿಯೇ ಸಪ್ಪೆ ಚಹಾ ಕುಡಿಯುತ್ತಿದ್ದರು. ಆಯಿಗೆ ಜೊತೆಯಾಗಲೆಂದು ಅವ್ವನೂ ಸಕ್ಕರೆ ಬಿಟ್ಟಿದ್ದಳು. ಶನಿವಾರದ ಸಭೆಗೆ ಆಯಿ ಈಗ ಪರದೆ ಎಳೆಯುತ್ತಿರಲಿಲ್ಲ. ಒಳಗಿನಿಂದಲೇ "ಆ ಸಸಿಗೆ ಮುಳ್ಳಬೇಲಿ ಹಾಕ್ರಿ, ದನ ಹೆಂಗ ಬರ್ತಾವ ನೋಡೂಣು" ಎಂದು ಸಲಹೆ ಕೊಡುತ್ತಿದ್ದಳು. ಅಪ್ಪ ಅದನ್ನು ನಡಾವಳಿಯಲ್ಲಿ ಬರೆದುಕೊಳ್ಳುತ್ತಿದ್ದ.

ಸಕ್ಕರೆ ಇಳಿದು, ಆ ಶಿಬಿರದಲ್ಲಿ ಆಪರೇಷನ್ ಆಗಿ, ಪಟ್ಟಿ ಬಿಚ್ಚಿ ಮನೆಗೆ ಬಂದ ಮರುದಿನ ಬೆಳಿಗ್ಗೆ ಆಯಿ ಪೂಜೆಗೆ ಕೂತವಳು ಬಹಳ ಹೊತ್ತು ಏಳಲೇ ಇಲ್ಲ. ಪತ್ರೆ ಇಟ್ಟಿರಲಿಲ್ಲ, ಮಂತ್ರ ಹೇಳುತ್ತಿರಲಿಲ್ಲ. ಅಂಗೈಯನ್ನು ಮುಖದ ಹತ್ತಿರ ಹಿಡಿದುಕೊಂಡು ಸುಮ್ಮನೆ ನೋಡುತ್ತಿದ್ದಳು. ಎದ್ದ ಮೇಲೆ ಮನೆಯನ್ನೊಮ್ಮೆ ಸುತ್ತಿದಳು. ಒಲೆಯ ಮೇಲಿನ ಗೋಡೆಯ ಮಸಿ ನೋಡಿ ಮುಖ ಸಿಂಡರಿಸಿದಳು. ಅವ್ವನನ್ನು ನಿಲ್ಲಿಸಿ ನೋಡಿ "ತಲಿ ಇಷ್ಟ್ಯಾಕ ಹಣ್ಣಾಗೇತಿ? ನಿನಗೇನಂಥಾ ವಯಸ್ಸಾಗೇತಿ?" ಎಂದಳು. ಆ ದನಿಯಲ್ಲಿ ಚುಚ್ಚು ಇರಲಿಲ್ಲ. ನನ್ನ ಗದ್ದ ಹಿಡಿದೆತ್ತಿದಳು.

"ಇಷ್ಟು ಎತ್ತರ ಆಗಿ ಅಂತ ಯಾರೂ ನನಗ ಹೇಳಲೇ ಇಲ್ಲ."

ನಾನು ಮುಂದೆ ಮುಂಡಗೋಡದಲ್ಲಿ ಸರಕಾರಿ ಕೆಲಸಕ್ಕೆ ಸೇರಿದೆ. ನೂರಾರು ಸಭೆಗಳಲ್ಲಿ ಕೂತೆ, ಪಟ್ಟಿಗಳನ್ನು ಬರೆದೆ. ಯಾವ ಪಟ್ಟಿಗೂ ಸಹಿ ಮಾಡುವ ಮುಂಚೆ, ಈ ಕೋಣೆಯ ಗೋಡೆಯಾಚೆ ಯಾರಾದರೂ ಕೂತಿದ್ದಾರೆಯೇ ಎಂದು ಕೇಳುವ ಅಭ್ಯಾಸ ನನಗೆ ಬಂದದ್ದು ಆ ಪಡಸಾಲೆಯಲ್ಲಿ. ಕೇಳುವ ರೀತಿ ಹೇಗಿರಬೇಕೆಂದು ಕಲಿಸಿದವರು ಹೊಸ್ತಿಲ ಈಚೆ ನೆಲದ ಮೇಲೆ ಕೂತ ನದಾಫ ಮಾಸ್ತರರು.

ಆಯಿಗೆ ಕಣ್ಣು ಬಂದ ಮೇಲಿನ ಶಿಬಿರದ ಹೊತ್ತಿಗೆ, ನಾನಿನ್ನೂ ಶಾಲೆಯಲ್ಲಿದ್ದಾಗ, ಪಾಸ್ಕಲ್ ಒಂದು ಚಿಂತೆ ಹೊತ್ತು ಬಂದ. ಭಾಗೀರಥಿಯ ಮೈದುನ ವಿಠೋಬಾನಿಗೆ ಎರಡೂ ಕಣ್ಣು ಕಾಣುವುದಿಲ್ಲ, ಆದರೆ ನನಗೆಲ್ಲ ಕಾಣುತ್ತದೆ ಎಂದು ಹಟ ಹಿಡಿದಿದ್ದಾನೆ, ಎರಡು ಸಲ ಹೋದರೂ ಜೀಪು ಹತ್ತಲಿಲ್ಲ ಎಂದ. ಆಯಿ ಅವನ ಮಾತು ಮುಗಿಯುವ ಮುಂಚೆಯೇ ಶಾಲು ಹೊದ್ದುಕೊಂಡಳು. ಅಂದು ಶಾಲೆಗೆ ರಜೆ, ನಾನೂ ಹೊರಟೆ. ಜೀಪಿನ ಮುಂದಿನ ಸೀಟಿನಲ್ಲಿ ನಾನು, ಆಯಿ. ಕಾಡಿನ ದಾರಿಯಲ್ಲಿ ಈ ಸಲ ಕಂಡದ್ದನ್ನೆಲ್ಲ ಹೇಳುತ್ತ ಬಂದವಳು ಆಯಿ.

ಭಾಗೀರಥಿ ಅಂಗಳದಲ್ಲೇ ನಿಂತಿದ್ದಳು. ಕೊಂಕಣಿಯಲ್ಲಿ "ಯೋ ಗೊ ಬಾಯ್", ಬಾರೇ ಅಕ್ಕಾ, ಎಂದು ಕರೆದ ದನಿಯಿಂದಲೇ ಆಯಿ ಗುರುತು ಹಿಡಿದಳು. ಹತ್ತಿರ ಹೋಗಿ ಅಡಿಯಿಂದ ಮುಡಿಯವರೆಗೆ ನೋಡಿ, "ನೀ ಭಾಳ ದಪ್ಪ ಇರಬೇಕು ಅಂದ್ಕೊಂಡಿದ್ದೆ" ಎಂದಳು. ಭಾಗೀರಥಿಗೆ ತಿಳಿಯಲಿಲ್ಲ, ಇಬ್ಬರೂ ನಕ್ಕರು. ವಿಠೋಬಾ ಜಗಲಿಯ ಮೇಲೆ ಕಂಬಕ್ಕೆ ಒರಗಿ, ಎಲ್ಲೋ ನೋಡುವವನ ಹಾಗೆ ಕೂತಿದ್ದ. ಆಯಿ ಅವನ ಪಕ್ಕದಲ್ಲಿ ಹೋಗಿ ಕೂತಳು. ಪಾಸ್ಕಲ್ ಅವಳ ಮಾತನ್ನು ಒಂದೊಂದಾಗಿ ಕೊಂಕಣಿಗೆ ತಿರುಗಿಸಿದ.

"ನಾನೂ ಎಲ್ಲಾ ಕಾಣತೈತಿ ಅಂತಿದ್ದೆ ತಮ್ಮಾ. ಮೊಮ್ಮಗನ ಮ್ಯಾಲ ಕುದಿಯೂ ನೀರು ಇಳಸೂ ತನಕ ಅಂದೆ. ಈ ಹುಡಗಿ ತುಂಬಿದ ಸಭಾದಾಗ ನನ್ನ ಗುಟ್ಟು ಹೇಳಿದ್ಲು. ಅವತ್ತ ಸಿಟ್ಟು ಬಂದಿತ್ತು. ಹೇಳಿರಲಿಲ್ಲ ಅಂದ್ರ ಇವತ್ತ ನಿನ್ನ ಮಾರಿ ನಾ ನೋಡತಿರಲಿಲ್ಲ. ನಿನಗೂ ಒಂದು ಮೊಮ್ಮಗು ಐತಂತಲ್ಲ, ಅದರ ಮಾರಿ ನೋಡಿಯೇನು?"

ಪಾಸ್ಕಲ್ ಹೇಳಿ ಮುಗಿಸಿದ. ಒಳಗೆಲ್ಲೋ ಕೂಸು ಅಳುತ್ತಿತ್ತು. ವಿಠೋಬಾ ಆ ಕಡೆ ಮುಖ ತಿರುಗಿಸಿ ಆಲಿಸಿದ. ಆಮೇಲೆ ಕಂಬ ಹಿಡಿದು ಎದ್ದು, ಗೋಡೆಯ ಗೂಟ ತಡವಿ ತನ್ನ ಅಂಗಿ ತೆಗೆದುಕೊಂಡ. ಆಯಿ ಎದ್ದು ಗುಂಡಿ ಹಾಕಿಕೊಟ್ಟಳು. ಅವನ ಕೈಯನ್ನು ತನ್ನ ಭುಜದ ಮೇಲೆ ಇರಿಸಿಕೊಂಡು, ಕಲ್ಲು ತಗ್ಗು ಹೇಳುತ್ತ, ಅಂಗಳ ದಾಟಿಸಿ ಜೀಪಿನವರೆಗೆ ನಡೆಸಿದಳು. ನನ್ನನ್ನು ಹಿಂದಕ್ಕೆ ಹೋಗಲು ಹೇಳಿ, ಮುಂದಿನ ಸೀಟಿನಲ್ಲಿ ತನ್ನ ಪಕ್ಕ ಅವನಿಗೆ ಜಾಗ ಮಾಡಿಕೊಟ್ಟಳು.